ಸರೋವರದ ದಡದಲ್ಲಿ ಉಳಿದ ಹೃದಯ

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಅತಿತ್ಲಾನ್ ಸರೋವರದ ದಡದಲ್ಲಿ, ಅಗ್ನಿಪರ್ವತಗಳ ಮಗ್ಗುಲಲ್ಲಿ, ಸಾಂತಿಯಾಗೋ ಅತಿತ್ಲಾನ್ ಎಂಬ ಊರಿದೆ. ಅಲ್ಲಿ ನೆಲೆಸಿರುವ ನಮಗೆ ಕೆಲವು ದೃಶ್ಯಗಳು ನಿತ್ಯಪರಿಚಿತವಾಗಿವೆ. ಮುಂಜಾನೆ ಹೆಂಗಸರು ನೀರಂಚಿನ ಕಲ್ಲುಗಳ ಮೇಲೆ ಬಟ್ಟೆ ಒಗೆಯುತ್ತಾರೆ. ಅವರ ಕುಪ್ಪಸಗಳ ತುಂಬ ಹಕ್ಕಿಗಳ ಕಸೂತಿ. ಮನೆಮನೆಗಳಿಂದ ಮೆಕ್ಕೆಜೋಳದ ರೊಟ್ಟಿ ತಟ್ಟುವ ಸದ್ದು ಕೇಳಿಬರುತ್ತದೆ. ಮಧ್ಯಾಹ್ನ ‘ಶೊಕೊಮಿಲ್’ ಎಂಬ ಗಾಳಿ ಎದ್ದಿತೆಂದರೆ ಸರೋವರ ಅಲ್ಲೋಲಕಲ್ಲೋಲ.

ಈ ಊರಿನ ಪುರಾತನ ದೇವಾಲಯದಲ್ಲಿ ಒಂದು ಹೃದಯವನ್ನು ಇರಿಸಲಾಗಿದೆ. ಅದು ಅಮೆರಿಕದ ಒಕ್ಲಹೋಮದಿಂದ 1968ರಲ್ಲಿ ಬಂದ ಧರ್ಮಗುರು ಸ್ಟ್ಯಾನ್ಲಿ ರಾಥರ್ ಅವರದು. ರೈತನ ಮಗನಾದ ಅವರು ಇಲ್ಲಿಯ ತ್ಸುತುಹಿಲ್ ಭಾಷೆಯನ್ನು ಕಲಿತು, ಆ ಭಾಷೆಯಲ್ಲೇ ಬಲಿಪೂಜೆ ಅರ್ಪಿಸಿದರು. ಜನರೊಡನೆ ಹೊಲದಲ್ಲೂ ದುಡಿದರು. ಅಂತರ್ಯುದ್ಧದ ದಿನಗಳಲ್ಲಿ ಕೊಲೆ ಬೆದರಿಕೆಯಿಂದ 1981ರ ಜನವರಿಯಲ್ಲಿ ತವರಿಗೆ ತೆರಳಿದರೂ, ತಮ್ಮ ಮಂದೆಯನ್ನು ತೊರೆದಿರಲಾರದೆ ಪಾಸ್ಖ ಹಬ್ಬದ ಹೊತ್ತಿಗೆ ಮರಳಿದರು. ಅದೇ ಜುಲೈ 28ರಂದು ಗುರುನಿವಾಸದಲ್ಲೇ ಹತರಾದರು. ಪಾರ್ಥಿವ ಶರೀರ ತವರಿಗೆ ಹೋಯಿತು. ಜನರ ಕೋರಿಕೆಯಂತೆ ಹೃದಯ ಇಲ್ಲಿಯೇ ಉಳಿಯಿತು. 2017ರಲ್ಲಿ ಧರ್ಮಸಭೆ ಅವರನ್ನು ಪುನೀತರ ಸಾಲಿಗೆ ಸೇರಿಸಿತು.

ಪ್ರಿಯ ಕುಟುಂಬಗಳೇ, ನಮ್ಮ ನುಡಿಯಲ್ಲಿ ನಮ್ಮ ಸುಖದುಃಖ ಕೇಳುವ ಗುರುಗಳಿಗಾಗಿ ಇಂದು ಸಂಜೆಯ ಜಪಸರದಲ್ಲಿ ಪ್ರಾರ್ಥಿಸೋಣ.