ರಾತ್ರಿ ಕಾಡುವ ಬೆನ್ನುನೋವು

ಶಾಲೆಗೆ ಹೋಗುವ ಹುಡುಗ ಬೆನ್ನುನೋವೆಂದರೆ ನಾವು ಪುಸ್ತಕದ ಚೀಲವನ್ನೋ ಕೂರುವ ಭಂಗಿಯನ್ನೋ ದೂರುತ್ತೇವೆ. ಬಹಳ ಸಲ ಅದು ಸರಿಯೇ. ಆದರೆ ನೋವು ರಾತ್ರಿ ಹೆಚ್ಚಾಗಿ ನಿದ್ದೆ ಕೆಡಿಸುತ್ತಿದ್ದರೆ, ಬೆನ್ನು ಒಂದು ಪಕ್ಕಕ್ಕೆ ವಾಲುತ್ತಿದ್ದರೆ ಬೇರೆ ಕಾರಣ ಹುಡುಕಬೇಕು. ಅಂಥದೊಂದು ಅಪರೂಪದ ಕಾರಣ 'ಆಸ್ಟಿಯಾಯ್ಡ್ ಆಸ್ಟಿಯೋಮ' ಎಂಬ ಮೂಳೆಯ ಗೆಡ್ಡೆ.

ಗಾಬರಿ ಬೇಡ. ಇದು ಕ್ಯಾನ್ಸರ್ ಅಲ್ಲ; ಬೇರೆಡೆಗೆ ಹರಡುವುದಿಲ್ಲ. 1935ರಲ್ಲಿ ಅಮೆರಿಕದ ಹೆನ್ರಿ ಜಾಫೆ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿದರು. ಗೆಡ್ಡೆಯ ತಿರುಳು ಸಾಮಾನ್ಯವಾಗಿ 1.5 ಸೆಂಟಿಮೀಟರಿಗಿಂತ ಚಿಕ್ಕದು. ಬೆನ್ನುಮೂಳೆಯಲ್ಲಿ ಅದು ಹೆಚ್ಚಾಗಿ ಕಶೇರುವಿನ ಹಿಂಭಾಗದ ಕಮಾನಿನಲ್ಲಿರುತ್ತದೆ.

ಇಷ್ಟು ಚಿಕ್ಕ ಗೆಡ್ಡೆ ಅಷ್ಟೊಂದು ನೋಯುವುದೇಕೆ? ತಿರುಳು ನೋವು ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಅಧಿಕವಾಗಿ ತಯಾರಿಸುತ್ತದೆ. ಆಸ್ಪಿರಿನ್, ಐಬುಪ್ರೊಫೆನ್‌ಗಳು ಆ ತಯಾರಿಕೆಯನ್ನು ತಡೆಯುವುದರಿಂದ ನೋವು ಬೇಗ ಇಳಿಯುತ್ತದೆ. ವೈದ್ಯರಿಗೆ ಇದೊಂದು ಸುಳಿವು. ಆದರೆ ಮಕ್ಕಳಿಗೆ ಆಸ್ಪಿರಿನ್ ಕೊಟ್ಟು ನೀವೇ ಪರೀಕ್ಷಿಸಬೇಡಿ; ಅಪಾಯವುಂಟು.

ಎಕ್ಸ್-ರೇಯಲ್ಲಿ ಮೂಳೆಗಳ ನೆರಳು ಒಂದರ ಮೇಲೊಂದು ಬಿದ್ದು ಗೆಡ್ಡೆ ಕಾಣದೆ ಹೋಗಬಹುದು. ಎಂ.ಆರ್.ಐ.ಯಲ್ಲಿ ಸುತ್ತಲಿನ ಊತವೇ ಎದ್ದು ಕಂಡು ದಾರಿ ತಪ್ಪಿಸಬಹುದು. ತಿರುಳನ್ನು ಸ್ಪಷ್ಟವಾಗಿ ತೋರಿಸುವುದು ಸಿ.ಟಿ. ಸ್ಕ್ಯಾನ್.

ಕೆಲವರಲ್ಲಿ ಗೆಡ್ಡೆ ಕೆಲವು ವರ್ಷಗಳಲ್ಲಿ ತಾನೇ ಶಮನವಾಗುತ್ತದೆ. ಮಾತ್ರೆಗೆ ನೋವು ಬಗ್ಗದಿದ್ದರೆ ಶಸ್ತ್ರಕ್ರಿಯೆಯಿಂದ ತಿರುಳನ್ನು ಪೂರ್ತಿ ತೆಗೆಯುತ್ತಾರೆ. ಇಲ್ಲವೆ ಸಿ.ಟಿ. ಚಿತ್ರದ ನೆರವಿನಿಂದ ಸೂಜಿ ತೂರಿಸಿ, ರೇಡಿಯೊ ಆವರ್ತನದ ವಿದ್ಯುತ್ತಿನಿಂದ ಸುಮಾರು 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಸುಡುತ್ತಾರೆ. ಬೆನ್ನುಹುರಿ ತೀರ ಹತ್ತಿರವಿದ್ದರೆ ಈ ಶಾಖ ಅದಕ್ಕೂ ತಗಲಬಹುದು. ಆಗ ಶಸ್ತ್ರಕ್ರಿಯೆಯೇ ಮೇಲೆನಿಸಬಹುದು.

ಬೇಗ ಚಿಕಿತ್ಸೆಯಾದರೆ ಬೆನ್ನಿನ ವಾಲು ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ತಡವಾದರೆ ಶಾಶ್ವತವಾಗಿ ಉಳಿಯಬಹುದು. ಆದ್ದರಿಂದ ಮಗು ನೋವಿನಿಂದ ರಾತ್ರಿ ಮತ್ತೆ ಮತ್ತೆ ಎದ್ದು ಕುಳಿತರೆ, ಚೀಲದ ಭಾರವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ.