ಸೊಸೈಟಿಯ ವಿಮೆ ಇದೆಯಲ್ಲ, ನಮಗೇಕೆ ಬೇರೆ?

ಮನೆ ವಿಮೆಯ ಮಾತು ತೆಗೆದರೆ ನಮ್ಮವರಿಂದ ಸಾಮಾನ್ಯವಾಗಿ ಬರುವ ಉತ್ತರ ಮೂರು. “ಸೊಸೈಟಿಯವರು ಮಾಡಿಸಿದ್ದಾರೆ.” “ಲೋನ್ ಕೊಡುವಾಗ ಬ್ಯಾಂಕಿನವರೇ ದುಡ್ಡು ಹಿಡಿದುಕೊಂಡಿದ್ದಾರೆ.” “ನಾವಿರೋದು ಏಳನೇ ಮಹಡಿ, ಅಲ್ಲಿಗೆ ನೀರು ಬರುತ್ತಾ?” ಮೂರರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಜೀವಮಾನದ ದುಡಿಮೆ ಸುರಿದು ಕೊಂಡ ಫ್ಲ್ಯಾಟನ್ನು ಆ ಸ್ವಲ್ಪ ಸತ್ಯದ ಮೇಲೆ ಬಿಡುವಂತಿಲ್ಲ.

ಮೊದಲು ಸೊಸೈಟಿಯ ಪಾಲಿಸಿ. ಮಹಾರಾಷ್ಟ್ರದ ಸೊಸೈಟಿಗಳ ಮೇಂಟೆನೆನ್ಸ್ ಬಿಲ್ಲಿನಲ್ಲಿ ವಿಮೆಯ ಖರ್ಚೂ ಸೇರಿರುತ್ತದೆ. ಆ ಪಾಲಿಸಿ ಸಾಮಾನ್ಯವಾಗಿ ಕಟ್ಟಡದ ಮೈಗೆ ಮಾತ್ರ: ಕಂಬ, ಗೋಡೆ, ಮೆಟ್ಟಿಲು, ಲಿಫ್ಟ್, ಪಂಪು. ನಿಮ್ಮ ಅಡುಗೆಮನೆಯ ಕಪಾಟು, ಮಗಳ ಕೋಣೆಯ ವಾರ್ಡ್‌ರೋಬ್, ಟಿವಿ, ಫ್ರಿಜ್ ಅದರಲ್ಲಿ ಇರುವುದಿಲ್ಲ. ಕಂತು ಕಡಿಮೆಯಾಗಲಿ ಎಂದು ಕಮಿಟಿಯವರು ವಿಮಾ ಮೊತ್ತವನ್ನು ಹತ್ತು ವರ್ಷದ ಹಿಂದಿನ ಲೆಕ್ಕದಲ್ಲೇ ನಿಲ್ಲಿಸಿಬಿಟ್ಟಿರುವುದೂ ಉಂಟು. ಮುಂದಿನ ವಾರ್ಷಿಕ ಸಭೆಯಲ್ಲಿ ಪಾರ್ಕಿಂಗ್ ಜಗಳಕ್ಕೆ ಮುಂಚೆ ಒಮ್ಮೆ ಎದ್ದು ನಿಂತು ಸೆಕ್ರೆಟರಿಯವರ ಹತ್ತಿರ ಪಾಲಿಸಿಯ ಪ್ರತಿ ಕೇಳಿ. ಮೊತ್ತ ಎಷ್ಟು, ಭೂಕಂಪ ಸೇರಿದೆಯೇ, ಯಾವ ತಾರೀಖಿಗೆ ಮುಗಿಯುತ್ತದೆ, ಈ ಮೂರನ್ನು ನೋಡಿದರೆ ಸಾಕು.

ಬ್ಯಾಂಕಿನದು ಇದಕ್ಕಿಂತ ದೊಡ್ಡ ಗೊಂದಲ. ಗೃಹಸಾಲದ ಜೊತೆ ಕಟ್ಟಿಸಿಕೊಂಡ ವಿಮೆ ಎಷ್ಟೋ ಸಲ ಮನೆಯ ವಿಮೆಯೇ ಆಗಿರುವುದಿಲ್ಲ. ಸಾಲ ಪಡೆದವರು ತೀರಿಕೊಂಡರೆ ಬಾಕಿ ಸಾಲ ತೀರಿಸುವ ಜೀವವಿಮೆ ಆಗಿರುತ್ತದೆ. ಅದು ಒಳ್ಳೆಯದೇ, ಆದರೆ ಬೆಂಕಿ ಬಿದ್ದರೆ ಅದರಿಂದ ಒಂದು ಪೈಸೆಯೂ ಹುಟ್ಟುವುದಿಲ್ಲ. ಲೋನ್ ಫೈಲು ತೆಗೆದು ಪಾಲಿಸಿಯ ಹೆಸರು ಓದಿ. ನಿಜವಾಗಿಯೂ ಮನೆಯದ್ದೇ ಆಗಿದ್ದರೆ, ಅದು ಸಾಲದ ಮೊತ್ತಕ್ಕಷ್ಟೇ ಇದೆಯೋ ಕಟ್ಟಡದ ಪೂರ್ತಿ ಬೆಲೆಗೆ ಇದೆಯೋ ನೋಡಿಕೊಳ್ಳಿ.

ಇನ್ನು ಏಳನೇ ಮಹಡಿಯ ಧೈರ್ಯ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೆಲಮಹಡಿಯವರು ಹೆಚ್ಚು ಕಳೆದುಕೊಂಡರು, ನಿಜ. 2015ರ ಡಿಸೆಂಬರಿನ ಚೆನ್ನೈ, 2020ರ ಅಕ್ಟೋಬರಿನ ಹೈದರಾಬಾದ್, 2023ರ ಜುಲೈನಲ್ಲಿ ಯಮುನೆ ಉಕ್ಕಿದ ದೆಹಲಿ, ಎಲ್ಲ ಕಡೆ ಅದೇ ಕಥೆ. ಆದರೆ ಬೆಂಕಿ ಮಹಡಿ ನೋಡುವುದಿಲ್ಲ. ಭೂಕಂಪವೂ ನೋಡುವುದಿಲ್ಲ. 2001ರಲ್ಲಿ ಕಚ್ಛ್‌ನಲ್ಲಿ ನೆಲ ನಡುಗಿದಾಗ ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ದೆಹಲಿ, ಗುರುಗ್ರಾಮದ ಕಡೆ ಇರುವವರು ಇದನ್ನು ಮರೆಯದಿರುವುದು ಒಳ್ಳೆಯದು.

ಹಾಗಾದರೆ ಯಾವ ಪಾಲಿಸಿ? ಆಯ್ಕೆ ಈಗ ಮೊದಲಿನಷ್ಟು ಕಷ್ಟವಿಲ್ಲ. 2021ರ ಏಪ್ರಿಲ್ 1ರಿಂದ ಬೆಂಕಿ ವಿಮೆ ಮಾರುವ ಎಲ್ಲ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ನಮೂನೆಯ ಪಾಲಿಸಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಷರತ್ತು ಎಲ್ಲ ಕಡೆ ಒಂದೇ. ಕಂತು, ಸೇವೆ ಮಾತ್ರ ಬೇರೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ, ಭಯೋತ್ಪಾದಕ ಕೃತ್ಯ, ನೀರಿನ ಟ್ಯಾಂಕು, ಪೈಪು ಒಡೆಯುವುದು ಎಲ್ಲ ಇದರಲ್ಲಿ ಬರುತ್ತವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಆ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನಿಗೂ ತಾನಾಗಿ ರಕ್ಷಣೆ ಸಿಗುತ್ತದೆ. ಒಂದೊಂದು ಸಾಮಾನಿನ ಪಟ್ಟಿ ಕೊಡಬೇಕಾಗಿಲ್ಲ. ಹೆಚ್ಚು ಬೇಕಿದ್ದವರು ಪಟ್ಟಿ ಕೊಟ್ಟು ಹೆಚ್ಚಿಸಿಕೊಳ್ಳಬಹುದು.

ಜನ ಎಡವುವುದು ಮೊತ್ತ ಹಾಕುವಾಗ. ಕಾಂದಿವಲಿಯಲ್ಲೋ ಡೊಂಬಿವಲಿಯಲ್ಲೋ ಫ್ಲ್ಯಾಟಿಗೆ ಕೋಟಿ ಕೊಟ್ಟಿರಬಹುದು. ಆ ಕೋಟಿಯಲ್ಲಿ ದೊಡ್ಡ ಪಾಲು ಜಾಗದ ಬೆಲೆ, ಜಾಗ ಸುಡುವುದಿಲ್ಲ. ವಿಮೆಗೆ ಬೇಕಾದದ್ದು ಮತ್ತೆ ಕಟ್ಟುವ ಖರ್ಚು: ಕಾರ್ಪೆಟ್ ಏರಿಯಾವನ್ನು ಈಗಿನ ನಿರ್ಮಾಣದ ದರದಿಂದ ಗುಣಿಸಿದರೆ ಬರುವ ಮೊತ್ತ. 650 ಚದರಡಿಯ ಮನೆ, ಚದರಡಿಗೆ 3,000 ರೂಪಾಯಿ ಎಂದಿಟ್ಟುಕೊಂಡರೆ 19.5 ಲಕ್ಷ. ಸಾಮಾನಿಗೆ ಅದರ ಐದನೇ ಒಂದು ಭಾಗ, 3.9 ಲಕ್ಷ. ಮಾಡ್ಯುಲರ್ ಕಿಚನ್, ಎರಡು ಎಸಿ ಇರುವ ಮನೆಗೆ ಅದು ಸಾಲದೆ ಹೋಗಬಹುದು. ಕೆಲವು ಕಂಪನಿಗಳು ಫ್ಲ್ಯಾಟಿನ ಒಪ್ಪಿದ ಬೆಲೆಗೆ, ಅಂದರೆ ಜಾಗದ ಬೆಲೆಯೂ ಸೇರಿದ ಮೊತ್ತಕ್ಕೆ, ಬೇರೆ ಪಾಲಿಸಿ ಕೊಡುತ್ತವೆ. ಕಂತು ಜಾಸ್ತಿ. ಹಳೆಯ ಕಟ್ಟಡ ಬಿದ್ದರೆ ಮತ್ತೆ ಕಟ್ಟಲು ಸದಸ್ಯರೆಲ್ಲ ಒಪ್ಪುವುದೇ ಅನುಮಾನ ಎನ್ನುವಂಥ ಸೊಸೈಟಿಯಲ್ಲಿ ಇರುವವರು ಅದನ್ನು ಯೋಚಿಸಬಹುದು.

ಹಿಂದಿನ ಪಾಲಿಸಿಗಳಲ್ಲಿ ಕಡಿಮೆ ಮೊತ್ತ ಹಾಕಿದವರಿಗೆ ಪರಿಹಾರವೂ ಅದೇ ಪ್ರಮಾಣದಲ್ಲಿ ಕತ್ತರಿಯಾಗುತ್ತಿತ್ತು. 20 ಲಕ್ಷದ ಮನೆಗೆ 10 ಲಕ್ಷಕ್ಕೆ ಮಾಡಿಸಿ, 4 ಲಕ್ಷ ನಷ್ಟವಾದರೆ ಕೈಗೆ ಬರುವುದು 2 ಲಕ್ಷ. ಗೃಹ ರಕ್ಷಾದಲ್ಲಿ ಈ ಕತ್ತರಿ ಇಲ್ಲ. ಆದರೆ ಅಳತೆ ಮಾತ್ರ ಸರಿಯಾಗಿ ಹೇಳಿರಬೇಕು.

ಬಾರದೇ ಇರುವುದೂ ಇದೆ, ತಕರಾರು ಹುಟ್ಟುವುದೂ ಅಲ್ಲೇ. ಮೇಲಿನ ಮನೆಯ ಪೈಪು ಒಡೆದು ನಿಮ್ಮ ಸೋಫಾ ನೆನೆದರೆ ಕ್ಲೇಮು ಮಾಡಬಹುದು. ಅದೇ ಮೇಲಿನ ಬಾತ್‌ರೂಮಿನಿಂದ ಮೂರು ಮಳೆಗಾಲ ಜಿನುಗಿ ಗೋಡೆ ಹಸಿರುಗಟ್ಟಿದ್ದರೆ ಆಗದು. ಮುಂಬಯಿಯ ಆ ಶಾಶ್ವತ ಲೀಕೇಜಿನ ಜಗಳಕ್ಕೆ ವಿಮೆಯಲ್ಲಿ ಮದ್ದಿಲ್ಲ. ಶಾರ್ಟ್ ಸರ್ಕ್ಯೂಟ್ ಆಗಿ ಎಸಿ ಸುಟ್ಟರೆ ಆ ಎಸಿಗೆ ದುಡ್ಡಿಲ್ಲ, ಅದರಿಂದ ಹಬ್ಬಿದ ಬೆಂಕಿಗೆ ಪರದೆ, ಹಾಸಿಗೆ ಸುಟ್ಟರೆ ಇದೆ. ನಗದು ಹಣಕ್ಕೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕಳ್ಳತನ. ಬೆಂಕಿ, ನೆರೆಯಂಥ ಅನಾಹುತದ ಕಾರಣದಿಂದ ಏಳು ದಿನದೊಳಗೆ ಆದ ಕಳವಿಗೆ ಮಾತ್ರ ಗೃಹ ರಕ್ಷಾದಲ್ಲಿ ರಕ್ಷಣೆ. ಬೇಸಿಗೆ ರಜೆಗೆ ಊರಿಗೆ ಹೋದಾಗ ಬೀಗ ಒಡೆದು ಕದ್ದರೆ ಇಲ್ಲ. ಅದಕ್ಕೆ ಕನ್ನಗಳವಿನ ರಕ್ಷಣೆ ಬೇರೆ ಬೇಕು, ಅಥವಾ ಹೌಸ್‌ಹೋಲ್ಡರ್ ಎಂಬ ಹೆಸರಿನ ಪ್ಯಾಕೇಜ್ ಪಾಲಿಸಿ. ಮನೆಯಲ್ಲೇ ಒಡವೆ ಇಡುವವರು, ವರ್ಷಕ್ಕೆ ಎರಡು ಸಲ ತಿಂಗಳುಗಟ್ಟಲೆ ಊರಿಗೆ ಹೋಗುವವರು ಅದನ್ನು ಬಿಡಬಾರದು. ಎಷ್ಟು ದಿನ ಬೀಗ ಹಾಕಿದರೆ ನಡೆಯುತ್ತದೆ ಎಂಬ ಷರತ್ತನ್ನು ಏಜೆಂಟರ ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ, ಕಾಗದದ ಮೇಲೇ ಓದಿಕೊಳ್ಳಬೇಕು.

ಬಾಡಿಗೆಯಲ್ಲಿರುವ ಹುಡುಗರು ಇದು ನಮಗಲ್ಲ ಎಂದುಕೊಳ್ಳುತ್ತಾರೆ. ಗೋಡೆ ಮಾಲೀಕರದು, ಲ್ಯಾಪ್‌ಟಾಪು, ಮಂಚ, ವಾಷಿಂಗ್ ಮಷೀನು ನಿಮ್ಮದು. ಸಾಮಾನಿಗಷ್ಟೇ ಪಾಲಿಸಿ ಮಾಡಿಸಬಹುದು. ಹಾಗೆಯೇ ಊರಿನ ಮನೆ: ಇಲ್ಲಿನ ಪಾಲಿಸಿ ಇಲ್ಲಿನ ವಿಳಾಸಕ್ಕೆ ಮಾತ್ರ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದ್ದನ್ನು ನೋಡಿದ ಮೇಲೂ ಮಲೆನಾಡಿನ, ಕರಾವಳಿಯ ಅಪ್ಪ ಅಮ್ಮನ ಮನೆಗೆ ವಿಮೆ ಮಾಡಿಸಿದವರು ನಮ್ಮಲ್ಲಿ ಅಪರೂಪ. ಪ್ರಸ್ತಾವನೆ ತುಂಬುವಾಗ ಗೋಡೆ ಯಾವುದು, ಸೂರು ಯಾವುದು ಎಂಬುದನ್ನು ಇದ್ದದ್ದು ಇದ್ದಂತೆ ಬರೆಯಿರಿ.

ಸೊಸೈಟಿಯ ಪಾಲಿಸಿ ಗಟ್ಟಿಯಾಗಿದ್ದರೆ ಸಾಮಾನಿಗೆ ಮಾತ್ರ ಮಾಡಿಸಿದರೆ ಸಾಕೇ ಎಂದು ಕೇಳಬಹುದು. ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಪೂರ್ತಿ ಹಣ ಬರುವುದಿಲ್ಲ ಎನ್ನುವುದು ಸರಿ. ಆದರೂ ಕಮಿಟಿ ಬದಲಾದಾಗ ನವೀಕರಣ ಮರೆತುಹೋಗುವ ನಮ್ಮ ಸೊಸೈಟಿಗಳನ್ನು ನೋಡಿದರೆ, ಕಟ್ಟಡಕ್ಕೂ ಸ್ವಂತದ್ದೊಂದು ಇರಲಿ ಎಂದೇ ನಾನು ಹೇಳುವುದು. ಆರೋಗ್ಯ ವಿಮೆಯ ಕಂತಿಗೆ ಹೋಲಿಸಿದರೆ ಇದು ತೀರ ಚಿಕ್ಕದು. ಹತ್ತು ವರ್ಷದವರೆಗೆ ಒಟ್ಟಿಗೆ ತೆಗೆದುಕೊಳ್ಳಬಹುದು. ಕಟ್ಟಡದ ವಿಮಾ ಮೊತ್ತ ವರ್ಷಕ್ಕೆ ಶೇಕಡಾ 10ರಂತೆ ತಾನೇ ಏರುತ್ತದೆ, ಅದಕ್ಕೆ ಹೆಚ್ಚಿನ ಕಂತಿಲ್ಲ.

ಪಾಲಿಸಿ ಬಂದ ದಿನವೇ ಮೊಬೈಲಿನಲ್ಲಿ ಒಂದೊಂದು ಕೋಣೆಯ ವಿಡಿಯೊ ಮಾಡಿ, ಬಿಲ್ಲುಗಳ ಫೋಟೊ ತೆಗೆದು, ಊರಲ್ಲಿರುವ ತಮ್ಮನಿಗೋ ಅಕ್ಕನಿಗೋ ಕಳಿಸಿಡಿ. ಅನಾಹುತವಾದರೆ ತಡಮಾಡದೆ ಕಂಪನಿಗೆ ತಿಳಿಸಿ. ಸರ್ವೇಯರ್ ಬಂದು ನೋಡುವವರೆಗೆ ಹಾಳಾದ ಸಾಮಾನನ್ನು ಭಂಗಾರದವನಿಗೆ ಕೊಡಬೇಡಿ. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ, ಕಳವಾದರೆ ಎಫ್‌ಐಆರ್ ಬೇಕಾಗುತ್ತದೆ. ಕ್ಲೇಮು ತಳ್ಳಿಹಾಕಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ದೂರು ಅಲ್ಲಿ ನಡೆಯುತ್ತದೆ, ಶುಲ್ಕವಿಲ್ಲ, ವಕೀಲರೂ ಬೇಡ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಐದೂ ಕಡೆ ಕಚೇರಿ ಇದೆ. ಊರಿನ ಮನೆಯದಾದರೆ ಬೆಂಗಳೂರಿನಲ್ಲಿ.