ನೇಯ್ಗೆಯ ಕ್ರಮ ಮತ್ತು ಕಂಪೈಲರಿನ ಕ್ರಮ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಪರಿಸರದಲ್ಲಿ ನೇಕಾರಿಕೆಗೆ ಹೆಸರಾದುದು ರಬಕವಿ-ಬನಹಟ್ಟಿ. ಕೈಮಗ್ಗದ ಮನೆಯಲ್ಲಿ ಕೆಲಸ ಒಬ್ಬರದಲ್ಲ. ಒಬ್ಬರು ಕಂಡಿಕೆ ಸುತ್ತಿದರೆ ಇನ್ನೊಬ್ಬರು ನೇಯುತ್ತಾರೆ. ಕೆಂಪು ಕಂಡಿಕೆಯನ್ನು ಮೊದಲು ಸುತ್ತಿದರೂ ಹಸಿರನ್ನು ಮೊದಲು ಸುತ್ತಿದರೂ ಬಟ್ಟೆ ಕೆಡದು. ಆದರೆ ಕಂಡಿಕೆ ಬುಟ್ಟಿಗೆ ಬೀಳುವ ಮುನ್ನವೇ ‘ಆತು’ ಎಂದು ಕೂಗಿದರೆ ನೇಕಾರನ ಕೈ ಬರಿ ಬುಟ್ಟಿಗೆ ಹೋಗುತ್ತದೆ. ಬದಲಿಸಬಹುದಾದ ಕ್ರಮ ಯಾವುದು, ಬದಲಿಸಲಾಗದ ಕ್ರಮ ಯಾವುದು ಎಂಬ ಈ ವಿವೇಚನೆಯೇ ಗಣಕಲೋಕದ ಒಂದು ಕ್ಲಿಷ್ಟ ಸಮಸ್ಯೆಯ ತಿರುಳೂ ಆಗಿದೆ.

ಮನುಷ್ಯರು ಬರೆದ ಆದೇಶಗಳನ್ನು ಯಂತ್ರಭಾಷೆಗೆ ಪರಿವರ್ತಿಸುವ ತಂತ್ರಾಂಶವೇ ಕಂಪೈಲರ್. ವೇಗಕ್ಕಾಗಿ ಅದು ಆದೇಶಗಳನ್ನು ಹಿಂದುಮುಂದು ಮಾಡುತ್ತದೆ, ಕೂಡಿಸುತ್ತದೆ, ಕೈಬಿಡುತ್ತದೆ. ಫಲಿತ ಬದಲಾಗಬಾರದೆಂಬುದಷ್ಟೇ ನಿಯಮ. ಒಂದೇ ಕಾರ್ಯಸರಣಿಯಿದ್ದಲ್ಲಿ ಇದು ನಿರಪಾಯಕರ. ಏಕಕಾಲದಲ್ಲಿ ಹಲವು ಸರಣಿಗಳು ಒಂದೇ ಸ್ಮೃತಿಕೋಶವನ್ನು ಹಂಚಿಕೊಂಡಾಗ ತೊಡಕು ಹುಟ್ಟುತ್ತದೆ. ಈ ಸರಣಿಗಳಿಗೆ ಗಣಕ ಪರಿಭಾಷೆಯಲ್ಲಿಯೂ ‘ಎಳೆ’ ಎಂಬರ್ಥದ ಹೆಸರೇ ಇರುವುದು ಗಮನಾರ್ಹ.

ಇಬ್ಬರು ಒಂದೇ ಲೆಕ್ಕದ ಪುಸ್ತಕದಲ್ಲಿ 10 ಎಂಬುದನ್ನು ಓದಿ, ತಮ್ಮ ತಮ್ಮ ಒಂದನ್ನು ಕೂಡಿಸಿ, ಇಬ್ಬರೂ 11 ಎಂದು ಬರೆದರೆ ಒಂದು ಸೀರೆಯ ಲೆಕ್ಕ ತಪ್ಪುತ್ತದೆ. ಓದು, ಕೂಡಿಕೆ, ಬರೆಹ ಮೂರನ್ನೂ ನಡುವೆ ಯಾರೂ ಪ್ರವೇಶಿಸದಂತೆ ಒಂದಾಗಿಸುವುದೇ ಪರಮಾಣು ಕ್ರಿಯೆ. 2011ರಲ್ಲಿ ಸಿ ಮತ್ತು ಸಿ++ ಭಾಷೆಗಳ ಮಾನಕಗಳು ಇದಕ್ಕೆ ನಿಯಮಾವಳಿಯನ್ನು ರೂಪಿಸಿದವು. ಅದರಂತೆ ‘ಬಿಡುಗಡೆ’ಯ ಬರೆಹಕ್ಕೆ ಮುಂಚಿನ ಕೆಲಸಗಳನ್ನು ಕಂಪೈಲರ್ ಅದರ ಕೆಳಕ್ಕೆ ಸರಿಸುವಂತಿಲ್ಲ, ‘ಸ್ವೀಕಾರ’ದ ಓದಿನ ನಂತರದ ಕೆಲಸಗಳನ್ನು ಅದರ ಮೇಲಕ್ಕೆ ಏರಿಸುವಂತಿಲ್ಲ. ‘ಆತು’ ಎಂಬ ಕೂಗು ಬಿಡುಗಡೆ. ಅದನ್ನು ಕೇಳಿಸಿಕೊಳ್ಳುವುದು ಸ್ವೀಕಾರ. ‘ಸಡಿಲ’ ಎಂಬ ಇನ್ನೊಂದು ಬಗೆಯಲ್ಲಿ ಕ್ರಿಯೆಯ ಅವಿಭಾಜ್ಯತೆ ಉಳಿಯುತ್ತದೆ. ಬೇರೆ ಕೋಶಗಳೊಡನೆ ಅನುಕ್ರಮದ ಹೊಣೆ ಮಾತ್ರ ಇರುವುದಿಲ್ಲ.

ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಬಿಡುಗಡೆಯ ಬರೆಹಕ್ಕೆ ವಿಶೇಷ ಆದೇಶ ಬೇಕಿಲ್ಲ. ಹಾಗೆಂದು ಕಂಪೈಲರಿಗೆ ವಿನಾಯಿತಿಯಿಲ್ಲ. ಯಂತ್ರ ಕಾಯುವ ಕ್ರಮವನ್ನು ಅನುವಾದವೇ ಮುರಿಯಬಹುದು. ಅಂತಹ ದೋಷ ಅಪರೂಪಕ್ಕೊಮ್ಮೆ ತಲೆದೋರಿ, ಹುಡುಕಹೊರಟಾಗ ಮರೆಯಾಗುತ್ತದೆ.

ಪರಮಾಣು ಕ್ರಿಯೆಗಳನ್ನೂ ಕಂಪೈಲರ್ ಸುಧಾರಿಸಬಲ್ಲದು. ಹಳೆಯ ಮೊತ್ತ ಬೇಡವಾದಲ್ಲಿ, ಅದನ್ನು ಮರಳಿಸುವ ಆದೇಶದ ಬದಲು ಬರಿದೆ ಕೂಡಿಸುವ ಆದೇಶವನ್ನು ಅದು ಬಳಸುತ್ತದೆ. ಒಂದರ ಹಿಂದೊಂದು ಬರುವ ಹತ್ತು ಕೂಡಿಕೆಗಳನ್ನು ಒಂದಾಗಿಸುವುದಕ್ಕೂ ಮಾನಕದ ಅಡ್ಡಿಯಿಲ್ಲ. ಆದರೆ ಒಂದೊಂದೇ ಏರಬೇಕಾದ ಎಣಿಕೆ ಕೊನೆಯಲ್ಲಿ ಒಮ್ಮೆಲೇ ಹತ್ತಾದರೆ, ಮೊತ್ತ ಸರಿಯಾದರೂ ಪ್ರಗತಿಯನ್ನು ನೋಡುತ್ತ ಕುಳಿತವನಿಗೆ ಏನೂ ಕಾಣದು. ಈ ಚರ್ಚೆಯನ್ನು 2015ರಲ್ಲಿ ಜೆ.ಎಫ್. ಬಾಸ್ಟಿಯನ್ ಸಿ++ ಮಾನಕ ಸಮಿತಿಯ ಮುಂದಿಟ್ಟರು. ಜಿಸಿಸಿ, ಕ್ಲಾಂಗ್ ಕಂಪೈಲರುಗಳು ಇಂತಹ ವಿಲೀನಕ್ಕೆ ಸಾಮಾನ್ಯವಾಗಿ ಕೈಹಾಕುವುದಿಲ್ಲ.

ಜಾನಪದ ಅಧ್ಯಯನಕ್ಕೆ ಇಲ್ಲೊಂದು ಪಾಠವಿದೆ. ವೃತ್ತಿಯ ದಾಖಲೀಕರಣವೆಂದರೆ ಹಂತಗಳ ಪಟ್ಟಿಯಷ್ಟೇ ಅಲ್ಲ. ಯಾವ ಹಂತ ಯಾವುದಕ್ಕೆ ಕಾಯುತ್ತದೆ, ಯಾವುದು ಕಾಯಬೇಕಿಲ್ಲ ಎಂಬ ಅರಿವು ಗಣಕದಲ್ಲಿ ಮಾನಕವಾಗಿ ಬರೆಹಕ್ಕಿಳಿದಿದೆ. ಮಗ್ಗದ ಮನೆಯಲ್ಲಿ ಅದು ಕೈಯಲ್ಲಿದೆ, ಕೂಗಿನಲ್ಲಿದೆ. ಆ ಕೈಗಳು ಮಗ್ಗ ಬಿಡುವ ಮುನ್ನ ಅದನ್ನು ದಾಖಲಿಸಬೇಕಾಗಿದೆ.